ಹೆಡ್‌ಲೈಟ್ ಬಲ್ಬ್ ಅಲ್ಲಿ ಕೊಳ್ಳಿ, ಅಲ್ಲಿ ಹಾಕಿಸಬೇಡಿ

ಕಲಬುರಗಿ ರಿಂಗ್ ರೋಡಿನಲ್ಲಿ ಕಾರಿನ ಸಾಮಾನು ಮಾರುವ ದೊಡ್ಡ ಅಂಗಡಿಯೊಂದಿದೆ. ಬೇರೆ ಊರುಗಳಲ್ಲೂ ಶಾಖೆ ಇರುವ ಕಂಪನಿ. ಹೆಸರು ಬರೆಯುವುದಿಲ್ಲ, ಅಲ್ಲಿ ನಡೆದದ್ದನ್ನು ಮಾತ್ರ ಬರೆಯುತ್ತೇನೆ. ಸಾಮಾನು ಒಳ್ಳೆಯದೇ ಇಟ್ಟಿದ್ದಾರೆ. ರೇಟೂ ಪರವಾಗಿಲ್ಲ. ಕೂರಲು ಸೋಫಾ, ತಣ್ಣಗೆ ಎಸಿ, ಕುಡಿಯಲು ನೀರು, ಎಲ್ಲಾ ಇದೆ. ಆದರೆ ಅಲ್ಲಿ ಹೆಡ್‌ಲೈಟ್ ಬಲ್ಬ್ ಹಾಕಿಸಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ನೆಹರೂ ಗಂಜಿನಲ್ಲಿ ಒಂದು ದಾಲ್ ಮಿಲ್‌ನ ಲೆಕ್ಕಪತ್ರ ನೋಡುತ್ತೇನೆ. ಊರು ಆಳಂದದ ಆಚೆ. ಅವ್ವ ಅಲ್ಲೇ ಇದ್ದಾಳೆ, ಹೊಲವೂ ಅಲ್ಲೇ ಇದೆ. ಶನಿವಾರ ಕೆಲಸ ಮುಗಿಸಿ ಊರಿಗೆ ಹೋಗುವುದು ನನ್ನ ರೂಢಿ. ತೊಗರಿ ಬರುವ ಕಾಲದಲ್ಲಿ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಗಂಜಿನಲ್ಲಿ ಕೆಲಸ ಬೇಗ ಮುಗಿಯುವುದಿಲ್ಲ. ಲಾರಿ ಖಾಲಿ ಆಗಬೇಕು, ತೂಕದ ಚೀಟಿ ತಾಳೆ ಆಗಬೇಕು. ಆಳಂದ ನಾಕಾ ದಾಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಕಬ್ಬು ಅರೆಯುವ ಕಾಲವೂ ಅದೇ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರಾಲಿ ಕಟ್ಟಿಕೊಂಡು ರಸ್ತೆ ತುಂಬ ಇರುತ್ತವೆ. ಎಷ್ಟೋ ಟ್ರಾಲಿಗಳ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಹೊಳೆಯುವ ಪಟ್ಟಿ ಅಂಟಿಸಿದ್ದರೂ ಅದರ ಮೇಲೆ ಕಬ್ಬಿನ ಸೋಗೆ ಜೋತು ಬಿದ್ದಿರುತ್ತದೆ. ಕೆಟ್ಟು ನಿಂತ ಟ್ರಾಲಿ ಆದರೆ ಹಿಂದೆ ನಾಲ್ಕು ಕಲ್ಲು ಇಟ್ಟಿರುತ್ತಾರೆ, ಅಷ್ಟೇ. ಇಂಥ ರಸ್ತೆಯಲ್ಲಿ ಜೀವ ಕಾಯುವುದು ನಮ್ಮ ಗಾಡಿಯ ಹೆಡ್‌ಲೈಟ್. ಅದಕ್ಕೇ ಈ ವಿಷಯಕ್ಕೆ ನನಗೆ ಇಷ್ಟು ಸಿಟ್ಟು.

ನನ್ನದು ಹಳೆಯ ವ್ಯಾಗನ್ ಆರ್. ಅದರ ಎಡಗಡೆ ಬಲ್ಬಿನ ಡಿಪ್ಪರ್ ಎಳೆ, ಅಂದರೆ ಬೆಳಕನ್ನು ತಗ್ಗಿಸಿ ರಸ್ತೆಗೆ ಬಿಡುವ ತಂತಿ, ಸುಟ್ಟುಹೋಗಿತ್ತು. ಬಲಗಡೆಯದೂ ಮಂಕಾಗಿತ್ತು. ಎರಡನ್ನೂ ಒಟ್ಟಿಗೆ ಬದಲಿಸೋಣ ಅಂತ ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿಗೆ ಸ್ಪಷ್ಟವಾಗಿ ಹೇಳಿದೆ: ಎಚ್4 ಬಲ್ಬ್, 60/55 ವ್ಯಾಟ್, ಕಂಪನಿಯಿಂದ ಬಂದಾಗ ಇದ್ದಂಥದ್ದೇ ಬೇಕು. (60 ಅಪ್ಪರಿಗೆ, ಅಂದರೆ ದೂರಕ್ಕೆ ಬೀಳುವ ಬೆಳಕಿಗೆ; 55 ಡಿಪ್ಪರಿಗೆ.) ಅವಳು ಬರೆದುಕೊಂಡಳು. ಒಂದು ಜೊತೆಗೆ 480 ರೂಪಾಯಿ, ಫಿಟಿಂಗ್ ಚಾರ್ಜ್ 150. ಒಪ್ಪಿಕೊಂಡು ದುಡ್ಡು ಕೊಟ್ಟೆ. ಬಿಲ್ಲಿನಲ್ಲಿ 'ಎಚ್4 ಬಲ್ಬ್ ಸೆಟ್' ಅಂತ ಮಾತ್ರ ಅಚ್ಚಾಗಿ ಬಂತು. ವ್ಯಾಟ್ ಎಷ್ಟು ಅಂತ ಇರಲಿಲ್ಲ. ಕೇಳಿದ್ದಕ್ಕೆ, 'ಕಂಪ್ಯೂಟರ್‌ನಾಗ ಹಂಗೇ ಬರ್ತದ್ರಿ ಸರ್' ಅಂದಳು.

ಫಿಟಿಂಗ್ ಮಾಡುವ ಜಾಗ ಅಂಗಡಿಯ ಪಕ್ಕದಲ್ಲಿ, ತಗಡಿನ ಶೆಡ್ಡಿನ ಕೆಳಗೆ. ಒಬ್ಬ ಹುಡುಗ ಬಂದ. ಇಪ್ಪತ್ತು ದಾಟಿರಲಿಕ್ಕಿಲ್ಲ. ಆಗ ತಾನೇ ಇನ್ನೊಂದು ಗಾಡಿಯ ಬ್ಯಾಟರಿ ಇಳಿಸಿದ್ದ, ಕೈಯೆಲ್ಲಾ ಗ್ರೀಸ್. ಅದೇ ಕೈಯಲ್ಲಿ ಬಲ್ಬಿನ ಗಾಜು ಹಿಡಿದು ಡಬ್ಬಿಯಿಂದ ಎಳೆದ. ನಾನು ತಡೆದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಲಿ ಮುಟ್ಟಬಾರದು. ದೀಪ ಹತ್ತಿದಾಗ ಆ ಗಾಜು ನೂರಾರು ಡಿಗ್ರಿ ಕಾಯುತ್ತದೆ. ಎಣ್ಣೆ, ಬೆವರು ತಾಗಿದ ಜಾಗ ಬೇರೆ ಕಡೆಗಿಂತ ಜಾಸ್ತಿ ಕಾದು ಬಲ್ಬ್ ಬೇಗ ಹೋಗುತ್ತದೆ. ಹಿಡಿಯುವುದಿದ್ದರೆ ಹಿಂದಿನ ಲೋಹದ ಭಾಗವನ್ನು ಹಿಡಿಯಬೇಕು, ಇಲ್ಲವೇ ಒಂದು ಬಟ್ಟೆ ಸುತ್ತಿಕೊಳ್ಳಬೇಕು. ಹುಡುಗ ನನ್ನ ಮುಖ ನೋಡಿ, 'ಏನೂ ಆಗಲ್ರಿ ಅಣ್ಣಾ, ದಿನಾ ಹಂಗೇ ಹಾಕ್ತೀವಿ' ಅಂದ. ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದೂ ಆಯಿತು.

ಹೆಡ್‌ಲೈಟಿನ ಹಿಂದೆ ಕೈ ಹೋಗಲು ಜಾಗ ಕಡಿಮೆ, ಅದು ನಿಜ. ಬಲಗಡೆಯದನ್ನು ಅವನು ಬಹಳ ಹೊತ್ತು ತಿರುಚಿದ, ಒತ್ತಿದ. ಕೊನೆಗೆ ಸ್ಕ್ರೂಡ್ರೈವರ್ ಹಿಡಿಯಿಂದ ಒಮ್ಮೆ ಕುಟ್ಟಿದ. ಸ್ವಿಚ್ ಹಾಕಿ ಅಂದ. ಹಾಕಿದೆ. 'ಹತ್ತ್ಯಾವ ನೋಡ್ರಿ ಎರಡೂ' ಅಂತ ಬಾನೆಟ್ ಇಳಿಸಿದ. ನಡುಹಗಲು ಎರಡು ಗಂಟೆಯ ಬಿಸಿಲು. ಬೆಳಕು ಎಲ್ಲಿ ಬೀಳುತ್ತಿದೆ ಅಂತ ಯಾರಿಗೆ ಕಾಣುತ್ತದೆ? ಶೆಡ್ಡಿನ ಒಳಗಿನ ಗೋಡೆಗೆ ಗಾಡಿ ನಿಲ್ಲಿಸಿ ಒಮ್ಮೆ ನೋಡೋಣ ಅಂದೆ. ಹಿಂದೆ ಗಾಡಿ ನಿಂತಿವೆ, ಜಾಗ ಬಿಡ್ರಿ ಅಂದರು. ಅಂದವನು ಹುಡುಗನಲ್ಲ, ಒಳಗಿನಿಂದ ಬಂದ ಸೂಪರ್‌ವೈಸರ್.

ಆ ಶನಿವಾರ ಆಳಂದ ರಸ್ತೆಯಲ್ಲಿ ಎದುರು ಬರುವ ಪ್ರತಿಯೊಂದು ಗಾಡಿಯೂ ನನಗೆ ಲೈಟ್ ಹೊಡೆಯತೊಡಗಿತು. ನಾನು ಡಿಪ್ಪರಿನಲ್ಲೇ ಇದ್ದೆ. ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ಇರಲಿಲ್ಲ. ಆದರೂ ಬೈಯುತ್ತಿದ್ದರು, ಹಾರ್ನ್ ಬಾರಿಸುತ್ತಿದ್ದರು. ಬಲಗಡೆ ದೀಪದ ಬೆಳಕು ರಸ್ತೆ ಬಿಟ್ಟು ಬೇವಿನ ಮರಗಳ ಟೊಂಗೆಗೆ ಬೀಳುತ್ತಿತ್ತು. ಗಾಡಿಯ ಮುಂದೆ ಹತ್ತು ಮಾರು ದೂರದಲ್ಲಿ ಏನಿದೆ ಅಂತ ಸರಿಯಾಗಿ ಕಾಣುತ್ತಿರಲಿಲ್ಲ. ಕಡಗಂಚಿಯ ಹತ್ತಿರ, ಕೇಂದ್ರೀಯ ವಿಶ್ವವಿದ್ಯಾಲಯ ಇನ್ನೂ ಬರಬೇಕು ಅನ್ನುವಾಗ, ಎದುರಿನಿಂದ ಒಂದು ಬೈಕ್ ಬಂತು. ಗಂಡ, ಹೆಂಡತಿ, ನಡುವೆ ಒಂದು ಮಗು. ನನ್ನ ಬೆಳಕು ಅವನ ಕಣ್ಣಿಗೆ ನೇರ ಹೊಡೆದಿರಬೇಕು. ಬೈಕ್ ಓಲಾಡಿತು, ಡಾಂಬರು ಬಿಟ್ಟು ಪಕ್ಕದ ಕಪ್ಪು ಮಣ್ಣಿಗೆ ಇಳಿಯಿತು. ಅವನು ಕಾಲು ಕೊಟ್ಟು ಹೇಗೋ ನಿಲ್ಲಿಸಿದ. ನಾನು ಗಾಡಿ ನಿಲ್ಲಿಸಿ ಓಡಿದೆ. ಯಾರಿಗೂ ಪೆಟ್ಟಾಗಿರಲಿಲ್ಲ. ಮಗು ಅಳುತ್ತಿತ್ತು. ಅವನು, 'ಏನ್ ಲೈಟ್ ಹಾಕ್ಕೊಂಡಿರಿ ಕಾಕಾ, ಏನೂ ಕಾಣಾಂಗಿಲ್ಲ' ಅಂದ. ಉತ್ತರ ಕೊಡಲು ನನ್ನ ಬಾಯಿಂದ ಮಾತು ಬರಲಿಲ್ಲ. 150 ರೂಪಾಯಿ ಕೊಟ್ಟು ಮಾಡಿಸಿದ ಕೆಲಸದಿಂದ ಆ ಮಗುವಿಗೆ ಏನಾದರೂ ಆಗಿದ್ದರೆ?

ಬಾನೆಟ್ ಕಡೆಯಿಂದ ಪ್ಲಾಸ್ಟಿಕ್ ಕಮಟು ವಾಸನೆ ಬರುತ್ತಿದ್ದದ್ದು ಗಮನಕ್ಕೆ ಬಂದದ್ದೂ ಆಗಲೇ. ಮುಂದಿನ ದಾರಿಯನ್ನು ಒಂದು ಟೆಂಪೋದ ಹಿಂದೆ ಹಿಂದೆ, ನಿಧಾನಕ್ಕೆ, ಪಾರ್ಕಿಂಗ್ ಲೈಟ್ ಮತ್ತು ಎರಡೂ ಇಂಡಿಕೇಟರ್ ಹಾಕಿಕೊಂಡು ಮುಗಿಸಿದೆ. ಭಾನುವಾರ ಬೆಳಕಿರುವಾಗಲೇ ವಾಪಸ್ ಬಂದೆ.

ಎಂಎಸ್‌ಕೆ ಮಿಲ್ ಕಡೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ವಯಸ್ಸಾದವರು. ಎಲ್ಲರೂ ಚಾಚಾ ಅಂತಲೇ ಕರೆಯುವುದು. ಸೋಮವಾರ ಅವರ ಹತ್ತಿರ ಹೋದೆ. ಅವರು ಕಪ್ಲರ್, ಅಂದರೆ ಬಲ್ಬಿಗೆ ವೈರು ಸಿಕ್ಕಿಸುವ ಹೋಲ್ಡರ್, ಎಳೆದು ನನ್ನ ಕೈಗೇ ಕೊಟ್ಟರು. ಬಿಳಿ ಹೋಲ್ಡರ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿತ್ತು. ಬಲ್ಬಿನ ಬುಡ ಒರೆಸಿ ತೋರಿಸಿದರು. 100/90 ಅಂತ ಅಚ್ಚಿತ್ತು. ನಾನು ಕೇಳಿದ್ದು 60/55, ಕೊಟ್ಟದ್ದು ಇದು.

ವ್ಯತ್ಯಾಸ ಸಣ್ಣದಲ್ಲ. 12 ವೋಲ್ಟಿನಲ್ಲಿ 60 ವ್ಯಾಟ್ ಬಲ್ಬ್ 5 ಆಂಪಿಯರ್ ಕರೆಂಟ್ ಎಳೆಯುತ್ತದೆ. 100 ವ್ಯಾಟ್ ಆದರೆ 8ಕ್ಕೂ ಜಾಸ್ತಿ. ವೈರು ಮತ್ತು ಹೋಲ್ಡರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಹಾಗಾಗಿ ಅದು ಎರಡೂವರೆ ಪಟ್ಟು ಮೀರುತ್ತದೆ. ಗಾಡಿ ಕಂಪನಿಯವರು ಹಾಕಿರುವ ವೈರು 60/55ರ ಲೆಕ್ಕಕ್ಕೆ ಹಾಕಿದ್ದು. 100/90 ಹಾಕಲೇಬೇಕು ಅಂದರೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ನಡುವೆ ರಿಲೇ (ಜಾಸ್ತಿ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್), ಫ್ಯೂಸ್ ಕೂರಿಸಿ, ಪಿಂಗಾಣಿ ಹೋಲ್ಡರ್ ಹಾಕಬೇಕು. ಅಷ್ಟೆಲ್ಲಾ ಮಾಡಿದರೂ ಅದು ಊರ ರಸ್ತೆಗೆ ತಕ್ಕ ಬಲ್ಬ್ ಅಲ್ಲ. ಅಂಥ ಎಷ್ಟೋ ಬಲ್ಬುಗಳ ಡಬ್ಬಿಯ ಮೇಲೆ 'ಆಫ್ ರೋಡ್ ಬಳಕೆಗೆ ಮಾತ್ರ' ಅಂತ ಬರೆದಿರುತ್ತದೆ. ನನ್ನ ಗಾಡಿಯಲ್ಲಿ ರಿಲೇ ಇಲ್ಲ, ಏನೂ ಇಲ್ಲ. ಹಾಗೇ ಚುಚ್ಚಿ ಕಳಿಸಿದ್ದರು. ಇನ್ನೊಂದು ವಾರ ಓಡಿಸಿದ್ದರೆ ವೈರಿಂಗೇ ಹತ್ತಿಕೊಳ್ಳುತ್ತಿತ್ತು ಅಂದರು ಚಾಚಾ.

ಕೆಟ್ಟದ್ದು ಇನ್ನೂ ಇತ್ತು. ಎಚ್4 ಬಲ್ಬಿನ ಒಳಗೆ ಎರಡು ಎಳೆ ಇರುತ್ತವೆ, ಒಂದು ಅಪ್ಪರಿಗೆ, ಒಂದು ಡಿಪ್ಪರಿಗೆ. ಡಿಪ್ಪರ್ ಎಳೆಯ ಕೆಳಗೆ ಪುಟ್ಟ ಲೋಹದ ಮರೆ ಇರುತ್ತದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಅದೇ. ಚಿಮಣಿ ದೀಪಕ್ಕೆ ಅಂಗೈ ಅಡ್ಡ ಹಿಡಿದ ಹಾಗೆ. ಈ ಮರೆ ಸರಿಯಾದ ಕಡೆಗೆ ಇರಬೇಕು ಅಂತಲೇ ಬಲ್ಬಿನ ಬುಡದಲ್ಲಿ ಮೂರು ಕಿವಿ ಮಾಡಿರುತ್ತಾರೆ. ಒಂದು ಅಗಲ, ಅದು ಮೇಲೆ ಬರಬೇಕು. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತ ಮೇಲೆ ತಂತಿಯ ಕ್ಲಿಪ್ ಒತ್ತಿ ಸಿಕ್ಕಿಸಬೇಕು. ನನ್ನ ಬಲಗಡೆ ಬಲ್ಬಿನ ಒಂದೇ ಕಿವಿ ಕೂತಿತ್ತು. ಬಲ್ಬ್ ಓರೆಯಾಗಿ, ಸ್ವಲ್ಪ ಹೊರಕ್ಕೆ ನಿಂತಿತ್ತು. ಕ್ಲಿಪ್ಪಿನ ಒಂದು ಕಾಲು ಬಾಗಿ ನೇತಾಡುತ್ತಿತ್ತು. ಸ್ಕ್ರೂಡ್ರೈವರಿನಿಂದ ಕುಟ್ಟಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಹಿಂದಿನ ರಬ್ಬರ್ ಕವರ್ ಇರಲೇ ಇಲ್ಲ. ಅದನ್ನು ಬಿಚ್ಚಿ ಎಲ್ಲೋ ಇಟ್ಟು ಮರೆತಿದ್ದಾನೆ. ಆ ಕವರ್ ಇಲ್ಲದಿದ್ದರೆ ನಮ್ಮ ಊರಿನ ಧೂಳು ದೀಪದ ಒಳಗೆ ಹೋಗುತ್ತದೆ, ಮಳೆಗಾಲದಲ್ಲಿ ಗಾಜಿನೊಳಗೆ ಹಬೆ ಕಟ್ಟುತ್ತದೆ, ಕನ್ನಡಿಯ ಹೊಳಪು ಹೋಗುತ್ತದೆ. ಆಮೇಲೆ ಇಡೀ ಹೆಡ್‌ಲೈಟನ್ನೇ ಬದಲಿಸಬೇಕು.

ಚಾಚಾ ಹೋಲ್ಡರ್ ಎರಡೂ ಹೊಸದು ಹಾಕಿದರು, 60/55 ಬಲ್ಬ್ ಹಾಕಿದರು, ಬಾಗಿದ ಕ್ಲಿಪ್ ತಿದ್ದಿದರು, ಹಳೆಯ ದೀಪವೊಂದರಿಂದ ರಬ್ಬರ್ ಕವರ್ ತೆಗೆದು ಕೂರಿಸಿದರು. ಆಮೇಲೆ, 'ಈಗ ಹೋಗಬ್ಯಾಡ್ರಿ, ಕತ್ತಲಾಗಲಿ' ಅಂದರು. ಸಂಜೆ ಎದುರಿನ ಗೋಡೆಗೆ ಗಾಡಿ ನಿಲ್ಲಿಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ದೀಪದ ಹಿಂದಿನ ತಿರುಪು ತಿರುಗಿಸಿ ಬೆಳಕು ಹೊಂದಿಸಿದರು. ಕೂಲಿ ಬೇರೆ ಕೇಳಲಿಲ್ಲ, ಎಲ್ಲಾ ಸೇರಿ ಇಷ್ಟು ಅಂದರು. ನಾನು ಇನ್ನೂ ಸ್ವಲ್ಪ ಜಾಸ್ತಿಯೇ ಕೊಟ್ಟೆ.

ಕರಗಿದ ಹೋಲ್ಡರ್, ಆ ಬಲ್ಬುಗಳು, ಬಿಲ್ಲು, ಮೊಬೈಲಿನಲ್ಲಿ ಚಾಚಾ ಮುಂದೆ ತೆಗೆದ ಫೋಟೋ, ಎಲ್ಲಾ ತಗೊಂಡು ಮತ್ತೆ ಆ ಅಂಗಡಿಗೆ ಹೋದೆ. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು, ಕೂರಿಸಿದರು. ಆದರೆ ಹೇಳಿದ್ದು ಕೇಳಿ. ಬಲ್ಬ್ ನಮ್ಮದು, ಬಲ್ಬ್ ಹತ್ತುತ್ತಿದೆ, ಹಾಗಾಗಿ ವಾರಂಟಿ ಪ್ರಶ್ನೆ ಬರುವುದಿಲ್ಲ. ಫಿಟಿಂಗ್ ಹುಡುಗರು ಕಾಂಟ್ರ್ಯಾಕ್ಟಿನವರು, ಅದಕ್ಕೆ ನಾವು ಹೊಣೆ ಅಲ್ಲ. ಹೊರಗಿನ ಮೆಕ್ಯಾನಿಕ್ ಕೈ ಹಾಕಿದ ಮೇಲೆ ಯಾರು ಏನು ಮಾಡಿದರು ಅಂತ ಹೇಗೆ ಹೇಳುವುದು. 'ಜನ ಎಲ್ಲಾ ಜಾಸ್ತಿ ಬೆಳಕೇ ಕೇಳ್ತಾರ್ರಿ ಸರ್, ಅದೇ ಛಂದ ಅಂತ ಕೊಟ್ಟಾರ' ಅಂತ ಕೊನೆಗೊಂದು ಮಾತು.

ಫಿಟಿಂಗ್ ಚಾರ್ಜ್ ಅಂತ ಬಿಲ್ಲಿನಲ್ಲಿ ಬರೆದು, ಜಿಎಸ್‌ಟಿ ಸೇರಿಸಿ, ತಮ್ಮ ಗಲ್ಲಾ ಪೆಟ್ಟಿಗೆಗೆ ದುಡ್ಡು ಹಾಕಿಕೊಂಡ ಮೇಲೆ ಹೊಣೆ ಇಲ್ಲ ಅಂದರೆ ಹೇಗೆ? ನಾನು ಲೆಕ್ಕ ಬರೆಯುವವನು. ಬಿಲ್ ಯಾರ ಹೆಸರಿನಲ್ಲಿ ಇದೆಯೋ ಕೆಲಸ ಅವರದು. ಹುಡುಗನಿಗೆ ಸಂಬಳ ಯಾರು ಕೊಡುತ್ತಾರೆ ಅನ್ನುವುದು ಅವರ ಅವರ ನಡುವಿನ ವಿಷಯ, ಗಿರಾಕಿಗೆ ಅದರಿಂದ ಏನು?

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನನ್ನು ಆ ದಿನವೂ ಮಾತಾಡಿಸಿದೆ. ಮೊದಲು ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿದ್ದನಂತೆ. ಇಲ್ಲಿ ಬಂದ ಮೇಲೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಕೈಗೆ ಗ್ಲೌಸ್ ಕೊಟ್ಟಿಲ್ಲ. ಬ್ಯಾಟರಿ, ವೈಪರ್, ಹಾರ್ನ್, ಕ್ಯಾಮರಾ, ಬಲ್ಬ್ ಎಲ್ಲದಕ್ಕೂ ಅವನೇ, ಅವನ ಜೊತೆ ಇನ್ನೊಬ್ಬ. ಒಳಗೆ ಸೋಫಾ, ಎಸಿಗೆ ದುಡ್ಡು ಹಾಕಿದವರು ಶೆಡ್ಡಿನಲ್ಲಿ ಕಲಿತ ಒಬ್ಬ ಎಲೆಕ್ಟ್ರಿಷಿಯನ್ ಇಟ್ಟುಕೊಳ್ಳಬಹುದಿತ್ತು. ಗೋಡೆಗೆ ಒಂದು ಗೆರೆ ಹೊಡೆಸಬಹುದಿತ್ತು. ಬಣ್ಣದ ಡಬ್ಬಿಗೆ ಎಷ್ಟಾಗುತ್ತದೆ?

ಅಂಗಡಿಯಿಂದಲೇ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ ನಂಬರ್, ದಿನಾಂಕ, ನಡೆದದ್ದು ಎಲ್ಲಾ ಹೇಳಿದೆ. ದೂರಿನ ನಂಬರ್ ಮೊಬೈಲಿಗೆ ಬಂತು. ಅದನ್ನು ಮ್ಯಾನೇಜರಿಗೆ ತೋರಿಸಿದೆ. ಇಲ್ಲಿ ತೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತಲೂ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಲೋಪಕ್ಕೂ ದೂರು ಕೊಡಬಹುದು. ನಾವು ಇರುವ ಊರಿನಲ್ಲೇ ಕೊಡಬಹುದು, ಕಂಪನಿಯ ಮುಖ್ಯ ಕಚೇರಿ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕಿಲ್ಲ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಫೀಸೂ ಇಲ್ಲ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ, ಅದಕ್ಕೇ ಬರೆದೆ.

ಕೆಲವು ದಿನಗಳಲ್ಲಿ ಅವರೇ ಫೋನ್ ಮಾಡಿ ಕರೆದರು. ಬಲ್ಬಿನ ದುಡ್ಡು, ಫಿಟಿಂಗ್ ದುಡ್ಡು ವಾಪಸ್ ಕೊಟ್ಟರು. ಹೋಲ್ಡರ್ ಖರ್ಚು ಕೊಡಲು ಒಪ್ಪಲಿಲ್ಲ. ಅದನ್ನು ನಾನು ಬಿಟ್ಟಿಲ್ಲ, ದೂರು ಇನ್ನೂ ತೆರೆದೇ ಇದೆ. ಕೌಂಟರಿನ ಹುಡುಗಿ ಮಾತ್ರ ಬಂದು, 'ನಾ 60/55 ಅಂತ ಬರ್ದಿದ್ದೆ ಸರ್, ಸ್ಟಾಕ್ ಇಲ್ಲ ಅಂತ ಒಳಗಿನವರು ಬ್ಯಾರೆ ಕೊಟ್ಟಾರ' ಅಂದಳು. ಸ್ಟಾಕ್ ಇಲ್ಲ ಅಂತ ನನಗೆ ಒಂದು ಮಾತು ಹೇಳಿದ್ದರೆ ಊರೊಳಗಿನ ಸೂಪರ್ ಮಾರ್ಕೆಟ್ ಬಜಾರಿನ ಕಡೆ ಹೋಗಿ ತರುತ್ತಿದ್ದೆ.

ಹಾಗಾದರೆ ಆ ಅಂಗಡಿಗೆ ಹೋಗಲೇಬಾರದಾ? ಇಂಜಿನ್ ಆಯಿಲ್, ಕಾರ್ ಕವರ್, ಮ್ಯಾಟ್, ಟಯರಿಗೆ ಗಾಳಿ ಹಾಕುವ ಪಂಪು, ಇಂಥದ್ದಕ್ಕೆ ಧಾರಾಳವಾಗಿ ಹೋಗಿ. ನಕಲಿ ಸಾಮಾನಿನ ಭಯ ಇಲ್ಲ, ಬಿಲ್ ಕೊಡುತ್ತಾರೆ. ವೈರು, ಬಲ್ಬು, ಬ್ರೇಕು ಮುಟ್ಟುವ ಕೆಲಸಕ್ಕೆ ಮಾತ್ರ ಆ ಶೆಡ್ಡಿಗೆ ಗಾಡಿ ಬಿಡಬೇಡಿ. ಐದಕ್ಕೆ ಸಾಮಾನಿಗೆ ನಾಲ್ಕು ಕೊಡುತ್ತೇನೆ, ಫಿಟಿಂಗಿಗೆ ಸೊನ್ನೆ.

ಈ ಹಂಗಾಮಿನಲ್ಲಿ ಅಲ್ಲಿ ಅಥವಾ ಅಂಥದ್ದೇ ಬೇರೆ ಕಡೆ ಹೆಡ್‌ಲೈಟ್ ಬಲ್ಬ್ ಹಾಕಿಸಿದ್ದರೆ, ದಯವಿಟ್ಟು ಇವತ್ತೇ ಸಂಜೆ ನೋಡಿಕೊಳ್ಳಿ. ಗಾಡಿ ತಣ್ಣಗಿರುವಾಗ ಬಾನೆಟ್ ಎತ್ತಿ, ಎರಡೂ ದೀಪದ ಹಿಂದೆ ರಬ್ಬರ್ ಕವರ್ ಇದೆಯಾ, ಹೋಲ್ಡರ್ ಬಣ್ಣ ಬದಲಾಗಿದೆಯಾ ನೋಡಿ. ಆಮೇಲೆ ಸಮತಟ್ಟು ನೆಲದಲ್ಲಿ ಗೋಡೆಗೆ ಮುಖ ಮಾಡಿ ಸುಮಾರು 10 ಮೀಟರ್ ದೂರ ಗಾಡಿ ನಿಲ್ಲಿಸಿ, ಡಿಪ್ಪರ್ ಹಾಕಿ. ಬೆಳಕಿನ ಮೇಲಂಚು ಎರಡೂ ಕಡೆ ಒಂದೇ ಎತ್ತರದಲ್ಲಿರಬೇಕು, ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಇರಬೇಕು. ಎಡಕ್ಕೆ ಮಾತ್ರ ಅಂಚು ಸ್ವಲ್ಪ ಮೇಲೇರುತ್ತದೆ, ಅದು ರಸ್ತೆ ಪಕ್ಕ ನಡೆಯುವವರು ಕಾಣಲಿ ಅಂತ ಮಾಡಿದ್ದು, ಅದು ಸರಿ. ಒಂದು ಕಡೆಯ ಬೆಳಕು ಗೋಡೆ ಹತ್ತಿ ಮೇಲೆ ಹೋಗಿದ್ದರೆ ಆ ಬಲ್ಬ್ ಸರಿಯಾಗಿ ಕೂತಿಲ್ಲ. ಅದನ್ನು ಸರಿಮಾಡಿಸುವವರೆಗೆ ರಾತ್ರಿ ಹೊತ್ತು ಗಾಡಿ ತೆಗೆಯಬೇಡಿ.